ಸೊಟ್ಟ ದಡಿ

ಕಾಕು ಅವರ ಹೆಬ್ಬೆರಳಿನ ಉಗುರು ಒಂದು ದಿನ ನೀಲಿ ಇದ್ದರೆ ಇನ್ನೊಂದು ದಿನ ಕುಂಕುಮದ ಕೆಂಪು. ಎಷ್ಟು ತಿಕ್ಕಿದರೂ ಬಣ್ಣ ಪೂರ್ತಿ ಹೋಗುತ್ತಿರಲಿಲ್ಲ. ಮದುವೆ ಮನೆಗೂ ಅದೇ ಕೈಯಲ್ಲಿ ಬರುತ್ತಿದ್ದರು.

ಬನಹಟ್ಟಿಯಲ್ಲಿ ನಮ್ಮ ಎದುರು ಮನೆಯವರು, ನಮಗೆ ಚಿಕ್ಕಮ್ಮನಂತಿದ್ದವರು. ಅವರ ಯಜಮಾನರು, ಅಂದರೆ ನಮ್ಮ ಕಾಕಾ, ಮಗ್ಗಕ್ಕೆ ಬೇಕಾದ ಕಟ್ಟಿಗೆಯ ಸಾಮಾನನ್ನು ಲೇಥಿನ ಮೇಲೆ ಕಡೆಯುತ್ತಿದ್ದರು. ಪ್ಲಾಸ್ಟಿಕ್ಕಿನವು ಬಂದು ಆ ಕೆಲಸ ನಿಂತಾಗ, ಲೇಥು ಮಾರಕೂಡದೆಂದು ಹಟ ಹಿಡಿದು, ಮೊಬೈಲಿನಲ್ಲಿ ನೋಡಿ ನೋಡಿ ರೆಸಿನ್ ಎರಕ ಕಲಿತವರು ಕಾಕು. ಅಂಟಿನಂಥ ರೆಸಿನ್ನಿಗೆ ಬಣ್ಣ ಕಲಸಿ ಅಚ್ಚಿಗೆ ಸುರಿಯುವುದು, ಅದು ಬಿಗಿಯುತ್ತ ಬಂದಾಗ ಮೇಲೆ ಬೇರೆ ಬಣ್ಣದ ತೆಳು ಪಟ್ಟಿ, ಅದರ ಮೇಲೆ ಮತ್ತೆ ಮೊದಲಿನ ಬಣ್ಣ. ಗಟ್ಟಿಯಾದ ತುಂಡಿನಿಂದ ಕಾಕಾ ಪೆನ್ನು, ಕೋಲಿನ ಹಿಡಿಕೆ ಕಡೆಯುತ್ತಿದ್ದರು.

"ಅವಸರ ಮಾಡಿದ್ರ ಬಣ್ಣ ಬೆರೀತಾವು, ತಡಾ ಮಾಡಿದ್ರ ಬಿಟ್ಕೊಂತಾವು" ಎನ್ನುತ್ತಿದ್ದರು ಕಾಕು. ಸೊಸೆಯಂದಿರ ವಿಷಯಕ್ಕೂ ಅವರದು ಇದೇ ಮಾತು. ಅಚ್ಚು ತುಸು ವಾಲಿದರೂ ಪಟ್ಟಿ ಸೊಟ್ಟ. ಅದಕ್ಕೇ ಗೌಂಡಿಗಳ ರಸಮಟ್ಟ ಇಟ್ಟು ನೋಡದೆ ಎಂದೂ ಸುರಿದವರಲ್ಲ.

ನಮ್ಮವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಎಲುಬು ಕೂಡಿತು, ಅಂಜಿಕೆ ಹೋಗಲಿಲ್ಲ. ಈಗ ನಡೆಯದಿದ್ದರೆ ಮುಂದೆ ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿದ್ದರು. ಜಮಖಂಡಿಯಿಂದ ತಂದ ಕೋಲನ್ನು ಅವಳು ಮೂಲೆಗೆ ಒಗೆದಳು. ಆಯುಷ್ಯವೆಲ್ಲ ಮಗ್ಗ ನಡೆಸಿದ ಕೈಗೆ ಕೋಲೆಂದರೆ ಅವಮಾನ. ನನಗೆ ದಿಕ್ಕೇ ತೋಚದಾಯಿತು.

ಕಾಕು ಬಂದು, ನೇಯ್ದ ಸೀರೆಗಳಲ್ಲಿ ಯಾವುದು ಹೆಚ್ಚು ಸೇರುತ್ತಿತ್ತೆಂದು ಅವ್ವನನ್ನು ಕೇಳಿದರು. ಕರಿ ಮೈ, ಕೆಂಪು ದಡಿಯದು, ಅಂದರೆ ಕೆಂಪು ಅಂಚಿನದು, ಎಂದಳು ಅವ್ವ. ಕಾಕು ಮೂಲೆಯಲ್ಲಿದ್ದ ಕೋಲು ಒಯ್ದು, ಅದೇ ಬಣ್ಣದ ಹಿಡಿಕೆ ಕೂಡಿಸಿ ಕಳಿಸಿದರು. ಅವ್ವ ಕಣ್ಣ ಹತ್ತಿರ ಹಿಡಿದು ತಿರುಗಿಸಿದಳು. ಕೆಂಪು ಪಟ್ಟಿ ಒಂದು ಬದಿಗೆ ಏರಿ ಇನ್ನೊಂದು ಬದಿಗೆ ಇಳಿದಿತ್ತು.

"ನೇಕಾರ ಓಣ್ಯಾಗ ಇದ್ದು ಇಂಥಾ ಸೊಟ್ಟ ದಡಿ ಕಳಸ್ತಾಳ? ತಡಿ, ಕೇಳೇ ಬರ್ತೀನಿ" ಎಂದವಳು ಅದೇ ಕೋಲೂರಿ ಓಣಿ ದಾಟಿಬಿಟ್ಟಳು. ಬಿದ್ದಾಳೆಂದು ನಾನು ಹಿಂದೆ ಹಿಂದೆ.

"ಬರ್ರಿ ವೈನಿ, ಚಾ ಕುಡದು ಬೈಯ್ರಿ" ಎಂದರು ಕಾಕು. ಹೊಸದು ಎರೆಯುತ್ತೇನೆ, ನಾಳೆ ಬಂದು ನೋಡಿ ಎಂದೂ ಹೇಳಿದರು. ನಾಳೆಯದರಲ್ಲೂ ಏನೋ ಐಬು. ಅವ್ವನಿಗೆ ದಿನಾ ತಪಾಸಣೆಗೆ ಹೋಗುವುದೇ ರೂಢಿಯಾಯಿತು.

ಒಮ್ಮೆ ಅವರ ಅಚ್ಚಿನ ಒಂದು ಬದಿಯ ಕೆಳಗೆ ಕಡ್ಡಿಪೆಟ್ಟಿಗೆಯ ಕಡ್ಡಿ ಇಟ್ಟದ್ದು ಕಂಡೆ. ಮೆಲ್ಲಗೆ ಕೇಳಿದೆ. "ನಿಮ್ಮವ್ವ ಬುದ್ಧಿ ಹೇಳಿದ್ರ ಏಳಾಕಿ ಅಲ್ಲ, ತಪ್ಪು ಕಂಡ್ರ ಏಳಾಕಿ" ಎಂದರು. ಅಂಥ ಜಾಣತನ, ಅಂಥ ಅಂತಃಕರಣ ಒಬ್ಬರಲ್ಲೇ ಇದ್ದದ್ದನ್ನು ನಾನು ಮತ್ತೆಲ್ಲೂ ಕಾಣಲಿಲ್ಲ.

ಹೋದ ಚಳಿಗಾಲದಲ್ಲಿ ಕಾಕು ತೀರಿಕೊಂಡರು. ಅವರು ಕೊನೆಗೆ ಎರೆದ ತುಂಡನ್ನು ಕಾಕಾ ಕಡೆದು, ನೇರ ದಡಿಯ ಹಿಡಿಕೆ ಮಾಡಿ ಅವ್ವನಿಗೆ ತಂದುಕೊಟ್ಟರು. ಅವ್ವ ಬೆರಳಾಡಿಸಿ ನೋಡಿ, ಛಲೋ ಆಗಿದೆ ಎಂದು ಅವರ ಕೈಗೇ ಮರಳಿ ಇಟ್ಟಳು.

"ನನಗ ಸೊಟ್ಟಂದ ಇರಲಿ ಬಿಡ್ರಿ" ಎಂದಳು. "ಕಡ್ಡಿ ಇಟ್ಟು ಎಬ್ಬಿಸ್ಯಾಳ ನನ್ನ."