ಹರಿವಾಣದಲ್ಲಿ ಬರೆದ ಹೆಸರು

ಅವ್ವ ಈಗಷ್ಟೇ ಒಂದು ಹರಿವಾಣ ತಂದು ನನ್ನ ಮುಂದಿಟ್ಟು ಹೋಗಿದ್ದಾಳೆ. ತುಂಬ ಬೆಳ್ತಿಗೆ ಅಕ್ಕಿ. ಹುಳ ಬೀಳದಿರಲೆಂದು ಮಡಕೆಗೆ ಹಾಕಿದ್ದ ಲಕ್ಕಿಸೊಪ್ಪಿನ ಕಹಿ ವಾಸನೆ ಇನ್ನೂ ಹೋಗಿಲ್ಲ. ಬರುವ ಸೋಮವಾರ ನನ್ನ ಮದುವೆ. ಅಂದು ಈ ಅಕ್ಕಿಯ ಮೇಲೆ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯಬೇಕಂತೆ, ಇವತ್ತೇ ಅಭ್ಯಾಸ ಮಾಡಿಕೊಳ್ಳಬೇಕಂತೆ. ಅಕ್ಷರದ ಬಗ್ಗೆ ನನಗೆ ಚಿಂತೆಯಿಲ್ಲ. ಕಾರವಾರದ ಕಚೇರಿಯಲ್ಲಿ ಇಡೀ ದಿನ ಅದೇ ಕೆಲಸ. ಚಿಂತೆ ಹೆಸರಿನದು.

ನೀವು ಅಂಕೋಲೆಯ ಕಡೆಯವರಾದರೆ ಕೇಳುತ್ತೀರಿ, ನಮ್ಮಂಥ ಗದ್ದೆಯವರ ಮನೆಯಲ್ಲಿ ಈ ಪದ್ಧತಿ ಎಲ್ಲಿತ್ತು ಎಂದು. ಇರಲಿಲ್ಲ. ಅದು ಕಾಳಿ ನದಿಯ ಆಚೆಯಿಂದ ಅಕ್ಕನ ಮದುವೆಯ ದಿನ ಬಂತು.

ಅಕ್ಕನ ಹೆಸರು ತುಳಸಿ. ಮೂವತ್ತಮೂರನೇ ಇಸವಿಯಲ್ಲಿ ಅವಳನ್ನು ಸದಾಶಿವಗಡಕ್ಕೆ ಕೊಟ್ಟೆವು. ಅವರ ಮನೆಮಾತು ಕೊಂಕಣಿ. ಮಂಟಪದಲ್ಲಿ ಭಾವ ಅಕ್ಕಿಯ ಮೇಲೆ ‘ಸುಲೋಚನಾ’ ಎಂದು ಬರೆದ. ಹರಿವಾಣ ಸಣ್ಣದಾಗಿ ಕೊನೆಯ ಅಕ್ಷರ ಅಂಚಿಗೆ ಒತ್ತಿಕೊಂಡಿತ್ತೆಂದು ನನ್ನ ಡೈರಿಯಲ್ಲಿದೆ. “ಹೆತ್ತದ್ದು ನಾನು, ಹೆಸರಿಡೂದು ಅವ್ರು,” ಎಂದು ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆ ಅಕ್ಕಿ ಆಮೇಲೆ ಏನಾಯಿತೆಂದು ನಾನು ವಿಚಾರಿಸಿದೆ. ಪಾಯಸಕ್ಕೆ ಹೋಯಿತಂತೆ.

ತಿಂಗಳು ಕಳೆಯುವ ಮೊದಲೇ ಆಚೆ ದಡದಿಂದ ಸುದ್ದಿ ಬಂತು. ತಂದವನು ಒಣಮೀನಿನ ವ್ಯಾಪಾರಿ. “ನಿಮ್ಮ ಹುಡುಗಿಗೆ ಕಿವಿ ಕೇಳೂದಿಲ್ಲಂತಲ್ಲ. ಮೊದ್ಲೇ ಹೇಳಬಾರ್ದಿತ್ತಾ?” ಅಪ್ಪ ಗಂಜಿಯ ಬಟ್ಟಲನ್ನು ಕೆಳಗಿಟ್ಟ. ಕಿವುಡಿಯನ್ನು ಗಂಟುಹಾಕಿದರೆಂಬ ಮಾತು ಹುಟ್ಟಿದರೆ ಮಗಳು ತವರಿಗೆ ತಿರುಗಿ ಬರುವುದು ಖಂಡಿತ. ಆಗಷ್ಟೇ ಕಾರವಾರದಲ್ಲಿ ನೌಕರಿಗೆ ಸೇರಿದ್ದ ನಾನೇ ನದಿಗೆ ಹತ್ತಿರದವನು. ನೋಡಿ ಬರಲು ನನಗೆ ಹೇಳಿಕಳಿಸಿದರು.

ಕೋಡಿಬಾಗದಲ್ಲಿ ತಾರಿ ಹತ್ತಿದೆ. ತಾರಿ ಎಂದರೆ ಕಾಳಿ ದಾಟಿಸುವ ದೋಣಿ. ದಾರಿಯುದ್ದಕ್ಕೂ ಅಕ್ಕನ ಕಿವಿಯ ಬಗ್ಗೆ ನನಗೆ ಗೊತ್ತಿದ್ದುದನ್ನೆಲ್ಲ ನೆನಪಿಸಿಕೊಂಡೆ. ಮೂರು ಮನೆಯಾಚೆ ನಾನು ಬೆಲ್ಲದ ಡಬ್ಬಿ ತೆಗೆದರೆ ಅವಳಿಗೆ ಕೇಳುತ್ತಿತ್ತು.

ಅಲ್ಲಿ ಹೋಗಿ ನೋಡಿದರೆ ಅಕ್ಕ ಜಗಲಿಯಲ್ಲಿ ತಲೆ ವಾಲಿಸಿಕೊಂಡು ಕೂತಿದ್ದಾಳೆ. ಅವಳ ಅತ್ತೆ ರುಕ್ಮಿಣಿಬಾಯಿ ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ಅವಳ ಕಿವಿಗೆ ಬಿಡುತ್ತಿದ್ದಾರೆ. ಅತ್ತೆಯನ್ನು ಅಲ್ಲಿ ಮಾಯಿ ಎನ್ನುತ್ತಾರೆ. ಮಾಯಿ ಕೆಟ್ಟವರಲ್ಲ, ಜಗಳವಾಡಲು ಬಂದವನಿಗೆ ಅದೇ ತೊಂದರೆ.

“ಕೆಲಸ ಎಲ್ಲ ಚಲೋ ಮಾಡ್ತದೆ, ಪಾಪ,” ಎಂದರು. “ಕರೆದ್ರೆ ಮಾತ್ರ ತಿರುಗೂದಿಲ್ಲ. ನೋಡು ಬೇಕಾದ್ರೆ. ಸುಲೋಚನಾ.”

ಅಕ್ಕ ಅಲುಗಲಿಲ್ಲ.

“ತುಳಸಕ್ಕಾ,” ಎಂದೆ ನಾನು, ಮೆಲ್ಲಗೆ.

ಅವಳು ಎಷ್ಟು ಬೇಗ ತಿರುಗಿದಳೆಂದರೆ ಎಣ್ಣೆಯೆಲ್ಲ ಕುತ್ತಿಗೆಗಿಳಿಯಿತು.

“ಓಗೊಡಬಾರ್ದು ಅಂತಲ್ಲ ತಮಾ,” ಎಂದಳು ಅಕ್ಕ, ಕುತ್ತಿಗೆ ಒರೆಸಿಕೊಳ್ಳುತ್ತ. “ಇವ್ರು ಮತ್ಯಾರನ್ನೋ ಕರೀತಾರೆ ಅನಿಸ್ತದೆ. ಅವಳು ಬರ್ಲಿ ಅಂತ ನಾನೂ ಕಾಯ್ತೇನೆ.”

“ಮತ್ತೆ ಎಣ್ಣೆ ಯಾಕೆ ಬಿಡಿಸ್ಕೊಂಡೆ?”

“ಬೆಚ್ಚಗೆ ಚಲೋ ಇತ್ತು.”

ಮಾಯಿಯ ಮುಖ ಸಣ್ಣದಾಯಿತು. ಏನಾದರೂ ಮಾತಾಡಬೇಕಲ್ಲ ಎಂದು ನಾನು ಕೇಳಿಬಿಟ್ಟೆ, “ಮಾಯಿ, ತವರಲ್ಲಿ ನಿಮ್ಮ ಹೆಸರು ಏನಿತ್ತು?” ವಿವರ ಕೇಳುವುದು ನನ್ನ ಚಾಳಿ, ಅದರಲ್ಲಿ ಜಾಣತನವೇನೂ ಇರಲಿಲ್ಲ.

ಮಾಯಿ ಎಣ್ಣೆಯ ಸೌಟನ್ನು ಕೆಳಗಿಟ್ಟರು. ಕೈಯನ್ನು ಸೆರಗಿಗೆ ಒರೆಸಿ, ಇನ್ನೊಮ್ಮೆ ಒರೆಸಿದರು.

“ಶೇವಂತಿ,” ಎಂದರು.

ಒಳಗೆ ಮಲಗಿದ್ದ ಮಾವನವರ ದನಿ ಬಂತು. “ಯಾರವಳು ಶೇವಂತಿ?”

“ಯಾರೂ ಅಲ್ಲ. ನೀವು ಮಲಗಿ.”

ಆ ಹೆಸರಿನ ಮೇಲೆ ಅಕ್ಕಿಯಲ್ಲಿ ರುಕ್ಮಿಣಿ ಎಂದು ಬರೆದವರು ಅವರೇ.

ಆಮೇಲೆ ಅತ್ತೆ ಸೊಸೆ ಒಂದು ಒಪ್ಪಂದಕ್ಕೆ ಬಂದರು. ಜಗಲಿಯಲ್ಲಿ ಸುಲೋಚನಾ, ಅಡುಗೆಮನೆಯಲ್ಲಿ ತುಳಸಿ. ಈಗ ಅಕ್ಕ ಎರಡಕ್ಕೂ ತಿರುಗುತ್ತಾಳೆ. ಸುಲೋಚನಾ ಎಂದರೆ ಸೆರಗು ಸರಿಮಾಡಿಕೊಂಡು ತಿರುಗುತ್ತಾಳೆ, ತುಳಸಿ ಎಂದರೆ ಹಾಗೆಯೇ. ಯಾರೂ ಇಲ್ಲದಾಗ ಅವಳು ಅತ್ತೆಯನ್ನು ಏನೆಂದು ಕರೆಯುತ್ತಾಳೋ ನನಗೆ ಹೇಳಿಲ್ಲ.

ಇಷ್ಟಾದರೂ ಅವ್ವ ನನ್ನ ಮದುವೆಗೆ ಹರಿವಾಣ ತೊಳೆದಿಟ್ಟಳು. “ಅವರಲ್ಲಿ ಉಂಟು, ನಮ್ಮಲ್ಲಿ ಯಾಕೆ ಬೇಡ?”

“ಅಂದು ನೀನು ಅತ್ತದ್ದು?”

“ಅದು ಮಗಳು. ಇದು ಸೊಸೆ.”

ಹುಡುಗಿ ಸುಂಕಸಾಳದವಳು, ಹೆಸರು ‘ಸಾಕು’. ಅವಳಿಗೆ ಬೇರೆ ಹೆಸರಿಡುವುದಿಲ್ಲ, ಹರಿವಾಣದಲ್ಲಿ ಇದ್ದ ಹೆಸರನ್ನೇ ಬರೆಯುತ್ತೇನೆ ಎಂದು ನಾನು ನಿಶ್ಚಯಿಸಿದೆ. ಎರಡು ದಿನ ನನ್ನ ಬಗ್ಗೆ ನನಗೇ ಒಳ್ಳೆಯ ಅಭಿಪ್ರಾಯವಿತ್ತು. ನಿನ್ನೆ ಬಳೆಯ ಅಳತೆಗೆಂದು ಸುಂಕಸಾಳಕ್ಕೆ ಹೋದ ಅಕ್ಕನ ಕೈಯಲ್ಲಿ ಈ ಶುಭವಾರ್ತೆ ಕಳಿಸಿದೆ.

ಅಕ್ಕ ಸಂಜೆ ಉತ್ತರ ತಂದಳು. “ನಾಲ್ಕು ಹೆಣ್ಣಾದ ಮೇಲೆ ಹುಟ್ಟಿದವಳಂತೆ. ಹೆಣ್ಣು ಇನ್ನು ಸಾಕು ಅಂತ ಇಟ್ಟ ಹೆಸರಂತೆ. ಅದರ ಮೇಲೆ ನಿಮ್ಮ ತಮ್ಮನಿಗೆ ಅಷ್ಟು ಪ್ರೀತಿ ಇದ್ರೆ ಅವ್ರೇ ಇಟ್ಕೊಳ್ಲಿ ಅಂದಳು.”

ನಾನು ಕೇಳಿದೆ. “ಮತ್ತೆ ಯಾವ ಹೆಸರು ಬೇಕಂತೆ?”

“ಯೋಚಿಸಿ ಹೇಳ್ತಾಳಂತೆ. ಹೊಸತು ಬೇಕು, ಆದ್ರೆ ನೀನು ಆರಿಸೂದು ಬೇಡ ಅಂದಳು. ಸೋಮವಾರದವರೆಗೆ ಸಮಯ ಉಂಟಲ್ಲ.”

ಹಾಗಾಗಿ ಈಗ ಹರಿವಾಣ ಇದೆ, ಉಂಗುರ ಇದೆ, ಬರೆಯಲು ಹೆಸರಿಲ್ಲ. ಅಭ್ಯಾಸ ತಪ್ಪಬಾರದೆಂದು ನನ್ನ ಹೆಸರನ್ನೇ ಬರೆದೆ. ಈ ಮದುವೆಯಲ್ಲಿ ಯಾರೂ ಮುಟ್ಟದ ಹೆಸರು ಅದೊಂದೇ. ಅಕ್ಷರ ದುಂಡಗೆ ಬಂದಿತ್ತು. ಅವ್ವ ಬಂದು ಬಗ್ಗಿ ನೋಡಿ, “ಚಲೋ ಬಂದದೆ,” ಎಂದು ಅಂಗೈಯಿಂದ ಅಕ್ಕಿಯನ್ನು ಒಮ್ಮೆ ಸವರಿದಳು.

ಅಕ್ಕಿ ಸಪಾಟಾಯಿತು. ಅವಳು ಅಡುಗೆಮನೆಗೆ ಹೋಗಿ ಅಲ್ಲಿಂದ ನನ್ನನ್ನು ಹೆಸರು ಹಿಡಿದು ಕರೆದಳು. ತಿರುಗಿ ನೋಡಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.