ಬೇಡ ಎನ್ನುತ್ತಿದ್ದ ಕಾಕ

ಕಾಕನ ಬಲಗೈ ಹೆಬ್ಬೆರಳಿನ ಮೇಲೆ ಯಾವಾಗಲೂ ಒಣಗಿದ ಅಂಟಿನ ಪೊರೆ ಇರುತ್ತಿತ್ತು. ಗಿರಾಕಿಯೊಡನೆ ಮಾತಾಡುತ್ತಲೇ ಅದನ್ನು ಉಗುರಿನಿಂದ ಕೀಳುತ್ತಿದ್ದರು. ಕಾಪುವಿನಲ್ಲಿ ನನ್ನ ಫೋಟೋ ಸ್ಟುಡಿಯೋದ ಪಕ್ಕವೇ ಅವರ ಹಾರ್ಡ್‌ವೇರ್ ಅಂಗಡಿ. ಗಲ್ಫಿನಿಂದ ಮರಳುವಾಗ ಬೇರೆಯವರು ಚಿನ್ನ ತಂದರೆ ಇವರು ರಿಮೋಟಿನಲ್ಲಿ ಹಾರುವ ವಿಮಾನದ ಹುಚ್ಚು ತಂದಿದ್ದರು.

ಬೇಡ ಎನ್ನುವುದು ಅವರ ಹುಟ್ಟುಗುಣ. "ಆ ಬೋಲ್ಟ್ ಬೇಡ, ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ" ಎಂದು ಬಂದ ಗಿರಾಕಿಯನ್ನೇ ವಾಪಸು ಕಳಿಸುತ್ತಿದ್ದರು. ಅಂಗಡಿಯ ಹಿಂದೆ ಕೂತು ಮೂರು ವರ್ಷ ಮಹಾಯುದ್ಧದ ಕಾಲದ ಯುದ್ಧವಿಮಾನವೊಂದರ ಮಾದರಿ ಕಟ್ಟಿದರು. ರೆಕ್ಕೆಯ ತುದಿಯಿಂದ ತುದಿಗೆ ನನಗಿಂತ ಉದ್ದ, ಪೆಟ್ರೋಲ್ ಎಂಜಿನ್, ಒಳಗೆ ಗೇಣುದ್ದದ ಪೈಲಟ್. ಮೊಮ್ಮಗಳು ಕೈ ಚಾಚಿದರೆ "ಬೇಡ, ಕಣ್ಣಲ್ಲಿ ನೋಡು." ಫೋಟೋಕ್ಕೆಂದು ನಾನು ಸ್ವಲ್ಪ ತಿರುಗಿಸಲು ಹೋದರೆ "ಬೇಡ ಮಾರಾಯ, ಕೈ ತೆಗೆ!"

ಆ ಆಯುಧಪೂಜೆಯ ದಿನ ನೆನೆದರೆ ಈಗಲೂ ಮೈ ಉರಿಯುತ್ತದೆ. ಎರ್ಮಾಳಿನ ಮೈದಾನದಲ್ಲಿ ಯುವಕರ ಸಂಘವೊಂದರ ಕಾರ್ಯಕ್ರಮ. ಕರೆದರೆಂದು ಕಾಕ ಸಂತೋಷದಿಂದಲೇ ವಿಮಾನ ತಂದರು. ಇನ್ನೇನು ಎಂಜಿನ್ ಶುರು ಮಾಡಬೇಕು, ಅಧ್ಯಕ್ಷ ಮಹಾಶಯ ಬಂದ. "ಇವತ್ತು ಸೈಕಲ್ಲಿಗೂ ಹೂ ಉಂಟು, ಇದು ಬೋಳಾಗಿ ಹಾರುವುದಾ?" ಎಂದು ಬಾಲಕ್ಕೆ ಒಂದು ಚೆಂಡು ಶಂಕರಪುರ ಮಲ್ಲಿಗೆಯ ಮಾಲೆ ಸುತ್ತಿಬಿಟ್ಟ. ಬಾಳೆನಾರಿನಲ್ಲಿ ಕಟ್ಟಿದ ಹೂ. ವಿಮಾನವನ್ನು ಏರಿಸಿ ಇಳಿಸುವ ಪಟ್ಟಿ ಇರುವುದೇ ಆ ಬಾಲದಲ್ಲಿ.

"ಅಲ್ಲಿ ಸ್ವಲ್ಪ..." ಎಂದರು ಕಾಕ.

"ಎಂತ ಕಾಕ, ನಮ್ಮ ಹೂ ನಿಮಗೆ ಆಗುವುದಿಲ್ಲವಾ?"

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಕಾಕ ಬಾಲದತ್ತ ಚಾಚಿದ ಕೈ ಹಿಂದಕ್ಕೆ ತೆಗೆದರು. ಆ ಮೈದಾನದಲ್ಲಿ ಬ್ಯಾರಿ ಮುಸ್ಲಿಮನೊಬ್ಬ ಹೂ ಬೇಡ ಎಂದರೆ ಸಂಜೆಯೊಳಗೆ ಅದು ಎಂತೆಂಥ ಮಾತಾಗಿ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತದೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ನಾನೇ ಕೂಗಿದೆ, "ನಾರು ಸಿಕ್ಕಿಕೊಳ್ಳುತ್ತದೆ ಮಾರಾಯ್ರೆ, ತೆಗೆಯಿರಿ!" ಯಾರು ಕೇಳುತ್ತಾರೆ? ಕಾಕ ನನ್ನ ತೋಳು ಹಿಡಿದರು. "ಬಿಡು, ದೊಡ್ಡದು ಮಾಡಬೇಡ." ಹೂವನ್ನು ಆದಷ್ಟು ಮುಂದಕ್ಕೆ ಸರಿಸಿ, ಬಾಲ ಆಡುತ್ತದೆಯೇ ನೋಡಿ, ಹಾರಿಸಿದರು.

ಎರಡನೆಯ ಸುತ್ತಿಗೆ ನಾರು ಪಟ್ಟಿಯ ಸಂದಿಗೆ ಸಿಕ್ಕಿತು. ಮೂತಿ ಕೆಳಗಾಗಿ ವಿಮಾನ ಹೆಂಗಸರು ಮಕ್ಕಳು ಕೂತಿದ್ದ ಕುರ್ಚಿಗಳ ಕಡೆಗೇ ಬಂತು. ಕಾಕ ಎಂಜಿನ್ ನಿಲ್ಲಿಸಿ, ರೆಕ್ಕೆ ಓರೆ ಮಾಡಿ, ಮುರಕಲ್ಲಿನ ಕಂಪೌಂಡಿಗೆ ಬೇಕೆಂದೇ ಹೊಡೆಸಿದರು. ಒಬ್ಬರಿಗೂ ಗಾಯವಾಗಲಿಲ್ಲ. ಮೂರು ವರ್ಷದ ಕೆಲಸ ಪುಡಿಪುಡಿ. ಅಧ್ಯಕ್ಷ ಮೈಕಿನಲ್ಲಿ "ದೃಷ್ಟಿ ತಾಗಿತು!" ಎಂದ. ಥೂ, ಅವನ ದೃಷ್ಟಿಗಿಷ್ಟು ಬೆಂಕಿ ಹಾಕ!

ಕಾಕ ಮತ್ತೆ ಕಟ್ಟಲಿಲ್ಲ. ಆ ಹೆಬ್ಬೆರಳು ಸ್ವಚ್ಛವಾಯಿತು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ.

ಮೊನ್ನೆ ಅವರು ತೀರಿಕೊಂಡರು. ಪೇಟೆಯವರು ಸೇರಿಸಿದ ಸಂತಾಪಸಭೆಯಲ್ಲಿ ಅದೇ ಅಧ್ಯಕ್ಷ ಎದ್ದು ಗದ್ಗದಿತನಾದ. "ಎಂಥ ಸೌಮ್ಯ ಮನುಷ್ಯ! ಯಾರಿಗೂ ಬೇಡ ಎಂದವರಲ್ಲ."

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

"ಕಾಕ ಎಲ್ಲರಿಗೂ ಬೇಡ ಎನ್ನುತ್ತಿದ್ದರು. ನನಗೆ, ಮೊಮ್ಮಗಳಿಗೆ, ಈ ಪೇಟೆಯ ಗಿರಾಕಿಗಳಿಗೆಲ್ಲ. ನಿಮಗೊಬ್ಬರಿಗೆ ಹೇಳಲು ಹೆದರಿದರು."