ಅತ್ತೆ ಕೂರಿಸಿದ ಹೆಡ್ಡು

ನಲವತ್ತೊಂದು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟಿ ನಿವೃತ್ತರಾದ ಅತ್ತೆ ಮಗಳ ಮನೆಗೆ ಬಂದದ್ದು ಮೊಣಕಾಲಿಗೆ ವಿಶ್ರಾಂತಿ ಕೊಡಲು. ಆದರೆ ಕೆಳಗಿನ ಷೆಡ್ಡಿನಲ್ಲಿ ಮೆಕ್ಯಾನಿಕ್ ಅಳಿಯ ತನ್ನ ಸವಾರನ ರೇಸ್ ಬೈಕಿನ ಎಂಜಿನ್ನಿನೊಡನೆ ಗುದ್ದಾಡುತ್ತಿದ್ದ. ನೀರಿನ ಗೊಡವೆಯಿಲ್ಲದೆ ಬರೀ ಗಾಳಿಗೇ ತಣ್ಣಗಾಗುವ ಹಳೆಯ ಎಂಜಿನ್. ಸಿಲಿಂಡರಿಗೂ ಮೇಲೆ ಕೂರುವ ಹೆಡ್ಡಿಗೂ ನಡುವೆ ಹೊಗೆ ನುಸುಳುತ್ತಿತ್ತು. ಒಂದೇ ವಾರದಲ್ಲಿ ಮೂರನೆಯ ಸಲ ಬಿಚ್ಚಿದ್ದ.

"ಅಮ್ಮ, ಕೆಳಗೆ ಹೋಗ್ಬೇಡ. ಅವರು ಮನುಷ್ಯರ ಜೊತೆ ಮಾತಾಡೋ ಸ್ಥಿತೀಲಿಲ್ಲ," ಎಂದಳು ಮಗಳು.

ಅತ್ತೆ ಹೋದರು.

"ಅಳಿಯಂದ್ರೇ, ಇಷ್ಟೊಂದು ಅಂಟು ಯಾಕೆ ಮೆತ್ತಿದೀರಿ?"

"ಅಂಟಲ್ಲ ಅತ್ತೆ, ಸಂದು ಮುಚ್ಚೋ ಸೀಲಂಟು."

"ಹೆಸರಲ್ಲೇ ಅಂಟು ಇದೆಯಲ್ಲ."

ಎಲ್ಲ ಒರೆಸಿಹಾಕಿಸಿ, ತೆಳ್ಳನೆಯ ಕಾಗದದ ನಾಲ್ಕು ಪಟ್ಟಿ ಕತ್ತರಿಸಿ, ಸಿಲಿಂಡರಿನ ಅಂಚಿಗೆ ನಾಲ್ಕು ಕಡೆ ಇಟ್ಟು, ಮೇಲೆ ಹೆಡ್ಡು ಕೂರಿಸಿ ಹಗುರಾಗಿ ಬಿಗಿಸಿದರು. ಆಮೇಲೆ ಒಂದೊಂದೇ ಎಳೆದರು. ಮೂರು ಹರಿದವು. ನಾಲ್ಕನೆಯದು ನಯವಾಗಿ ಜಾರಿಬಂತು.

"ಇಲ್ಲಿ ಹೆಡ್ಡು ಸೊಟ್ಟಗಿದೆ."

"ಸ್ಕೇಲ್ ಇಟ್ಟು ನೋಡಿದೀನಿ ಅತ್ತೆ."

"ಕನ್ನಡಕ ಹಾಕ್ಕೊಂಡಿದ್ರಾ?"

ಅಳಿಯ ಸ್ಪ್ಯಾನರ್ ಹುಡುಕತೊಡಗಿದ. ಅದು ಅವನ ಕೈಯಲ್ಲೇ ಇತ್ತು.

ಹೆಡ್ಡನ್ನು ಉಜ್ಜಿ ಸಮ ಮಾಡಲು ದಪ್ಪನೆಯ ಗಾಜು ಬೇಕಿತ್ತು. ಮೇಲೆ ಮಗಳ ಊಟದ ಮೇಜಿಗೆ ಅಂಥದ್ದೇ ಒಂದಿತ್ತು. ಅತ್ತೆ ಹೂದಾನಿ ಎತ್ತಿಟ್ಟರು.

"ಅಮ್ಮ, ನೀನು ನನ್ನ ಕಡೆಯೋ, ಅವರ ಕಡೆಯೋ?"

"ನಾನು ಹೆಡ್ಡಿನ ಕಡೆ."

ಗಾಜಿನ ಮೇಲೆ ಅರೆಯುವ ಪೇಸ್ಟ್ ಸವರಿ, ಹೆಡ್ಡು ಬೋರಲು ಹಾಕಿ, ಎಂಟರ ಆಕಾರದಲ್ಲಿ ಉಜ್ಜಿದರು. ಒಬ್ಬರ ಕೈ ಸೋತರೆ ಇನ್ನೊಬ್ಬರು. ಮೂರು ಗಂಟೆ ನಿಂತೇ ಇದ್ದ ಅತ್ತೆಗೆ ಮೊಣಕಾಲು ಇರುವುದೇ ಮರೆತಿತ್ತು. ಸಿಲಿಂಡರಿಗೂ ಹೆಡ್ಡಿಗೂ ನಡುವೆ ಕೂರುವ ತಾಮ್ರದ ಬಳೆಯನ್ನು ಅಳಿಯ ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಮೆದು ಮಾಡಿದ. ಕೊನೆಗೆ ಹೆಡ್ಡು ಕೂರಿಸಿ, ಸಿಟ್ಟೆಲ್ಲ ತೋಳಿಗೆ ತಂದು ನಾಲ್ಕು ನಟ್ಟುಗಳಲ್ಲಿ ಮೊದಲನೆಯದರ ಮೇಲೆ ಬಿದ್ದ. ಅತ್ತೆ ಅವನ ಮಣಿಕಟ್ಟು ಹಿಡಿದರು.

"ಒಂದು ಮೂಲೆ ಹೀಗೆ ಬಿಗಿದ್ರೆ ಎದುರು ಮೂಲೆ ಬಾಯಿ ಬಿಡುತ್ತೆ. ಪುಸ್ತಕ ಒತ್ತೋ ನನ್ನ ಪ್ರೆಸ್ಸಿನಲ್ಲೂ ನಾಲ್ಕೇ ತಿರುಪು ಇದ್ದದ್ದು. ಎದುರುಬದುರಾಗಿ, ಸ್ವಲ್ಪ ಸ್ವಲ್ಪ."

ಅಳಿಯನಿಗೆ ಗೊತ್ತಿಲ್ಲದ್ದೇನಲ್ಲ. ಹತ್ತಾರು ಜನಕ್ಕೆ ತಾನೇ ಹೇಳಿಕೊಟ್ಟ ಪಾಠ. ಕಾಲು ಸುತ್ತು, ಕಾಲು ಸುತ್ತು ತಿರುಗಿಸಿದ. ಒಳಗೆ ಗಾಳಿ ತುಂಬಿ, ಸೇರುವೆಗೆ ಸೋಪಿನ ನೀರು ಬಳಿದರು. ಒಂದು ಗುಳ್ಳೆಯೂ ಏಳಲಿಲ್ಲ. ಅತ್ತೆ ನಂಬದೆ ಇನ್ನೊಮ್ಮೆ ಬಳಿಸಿದರು.

ಭಾನುವಾರ ರೇಸಿನಿಂದ ಬಂದವನೇ ಅಳಿಯ ಬಿಳಿಯ ಕರವಸ್ತ್ರ ಬಿಡಿಸಿ ಹಿಡಿದ. "ಹೆಡ್ಡಿನ ಸುತ್ತ ಒರೆಸಿದ್ದು. ಒಂದು ಕಲೆ ಇಲ್ಲ ನೋಡಿ ಅತ್ತೆ."

"ನಿಮ್ಮ ಸವಾರ ಗೆದ್ನಾ?"

"ಏಳನೇ ಸ್ಥಾನ."

"ಎಷ್ಟು ಜನರಲ್ಲಿ?"

"ಒಂಬತ್ತು."

ಅತ್ತೆ ಕರವಸ್ತ್ರವನ್ನು ಬೆಳಕಿಗೆ ಹಿಡಿದು ನೋಡಿದರು. "ಹೆಡ್ಡು ಕೂರಿಸಿದ್ದು ನಾನು. ಬೈಕಿನ ಮೇಲೆ ಅವನನ್ನ ಕೂರಿಸಿದ್ದು ನೀವು."

ಮರುದಿನ ಬೆಳಗ್ಗೆ, ರೇಸಿನಲ್ಲಿ ಆ ಕರವಸ್ತ್ರ ಕಂಡಿದ್ದ ಬೇರೆ ಷೆಡ್ಡುಗಳ ಇಬ್ಬರು ಮೆಕ್ಯಾನಿಕ್ಕುಗಳು ಬಟ್ಟೆಯಲ್ಲಿ ಸುತ್ತಿದ ಹೆಡ್ಡುಗಳನ್ನು ಕಂಕುಳಲ್ಲಿಟ್ಟುಕೊಂಡು ಗೇಟಿನ ಬಳಿ ನಿಂತಿದ್ದರು. ಕೈ ತೊಳೆದುಕೊಂಡು ಒಬ್ಬೊಬ್ಬರಾಗಿ ಬರಬೇಕೆಂದು ಅತ್ತೆ ಒಳಗಿನಿಂದಲೇ ಹೇಳಿ ಕಳಿಸಿದರು.